ಪಳೆಯುಳಿಕೆ: ವ್ಯಾಖ್ಯೆ ಬೆಳೆದುಬಂದ ಬಗೆ

ಬಹು ಹಿಂದಿನ ಯುಗಗಳಲ್ಲಿ ಬಾಳಿದ ಜೀವಿಗಳ ದೇಹಭಾಗವಾಗಲಿ, ಅವು ಬಿಟ್ಟುಹೋದ ಗುರುತಾಗಲಿ ನೆಲದ ಪದರಗಳಲ್ಲಿ ಉಳಿದುಬಂದಿದ್ದರೆ ಅದು ಪಳೆಯುಳಿಕೆ. ಹತ್ತು ಸಾವಿರ ವರ್ಷಕ್ಕಿಂತ ಹಳೆಯದಾಗಿರಬೇಕು ಎಂಬ ರೂಢಿಯ ಗಡಿಯೂ ಇದೆ.

ಮೊದಲು ಈ ಅರ್ಥವಿರಲಿಲ್ಲ. 1546ರಲ್ಲಿ ಜರ್ಮನಿಯ ಜಾರ್ಜಿಯಸ್ ಅಗ್ರಿಕೋಲ ಬರೆದ ಗ್ರಂಥದಲ್ಲಿ ನೆಲದಿಂದ ಅಗೆದು ತೆಗೆದದ್ದೆಲ್ಲವೂ ‘ಫಾಸಿಲ್’: ಅದಿರು, ರತ್ನ, ಉಪ್ಪು, ಕಲ್ಲಾದ ಚಿಪ್ಪು. ಬಂಡೆಯೊಳಗಿನ ಚಿಪ್ಪನ್ನು ಭೂಮಿಯೇ ತನ್ನ ಶಕ್ತಿಯಿಂದ ರೂಪಿಸುತ್ತದೆ ಎಂದು ಅನೇಕ ವಿದ್ವಾಂಸರು ನಂಬಿದ್ದ ಕಾಲ ಅದು.

ತಿರುವು ಬಂದದ್ದು ಒಂದು ಶಾರ್ಕ್ ಮೀನಿನಿಂದ. 1666ರಲ್ಲಿ ಇಟಲಿಯ ಲಿವೋರ್ನೊ ಬಳಿ ಬೆಸ್ತರ ಬಲೆಗೆ ಭಾರಿ ಶಾರ್ಕ್ ಬಿತ್ತು. ಅದರ ತಲೆ ಫ್ಲಾರೆನ್ಸಿನಲ್ಲಿದ್ದ ಡೆನ್ಮಾರ್ಕಿನ ಅಂಗರಚನಾ ತಜ್ಞ ನಿಕೋಲಸ್ ಸ್ಟೆನೊ ಕೈಸೇರಿತು. ಆಗ ಮಾಲ್ಟಾದ ‘ನಾಲಿಗೆ ಕಲ್ಲು’ಗಳಿಗೆ ಬಹಳ ಬೇಡಿಕೆ, ವಿಷ ಇಳಿಸುತ್ತವೆಂದು ಜನ ಕೊಳ್ಳುತ್ತಿದ್ದರು. ಶಾರ್ಕಿನ ಹಲ್ಲಿಗೂ ಆ ಕಲ್ಲಿಗೂ ಇರುವ ಹೋಲಿಕೆಯನ್ನು ಗುರುತಿಸಿದವರು ಸ್ಟೆನೊಗಿಂತ ಮೊದಲೂ ಇದ್ದರು. ಆದರೆ ಹಲ್ಲು ಬಂಡೆಯೊಳಗೆ ಹೊಕ್ಕದ್ದು ಹೇಗೆ ಎಂಬ ಪ್ರಶ್ನೆಯನ್ನು ಬೆನ್ನುಹತ್ತಿದ್ದೇ ಸ್ಟೆನೊ ಹಿರಿಮೆ. ಸುತ್ತಲಿನ ಕೆಸರು ಕಲ್ಲಾಗುವ ಮುನ್ನವೇ ಹಲ್ಲು ಗಟ್ಟಿಯಾಗಿತ್ತು, ಕೆಸರು ಅದನ್ನು ಮುಚ್ಚಿ ಆಮೇಲೆ ಗಡುಸಾಯಿತು ಎಂದು 1669ರ ಕೃತಿಯಲ್ಲಿ ಅವನು ವಾದಿಸಿದ. ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು ಎಂಬ ಭೂವಿಜ್ಞಾನದ ಮೂಲಸೂತ್ರವೂ ಅಲ್ಲೇ ಇದೆ.

ಹೀಗೆ ಉಳಿದದ್ದು ಇಂದು ಇಲ್ಲದ ಜೀವಿಯದೂ ಆಗಿರಬಹುದು ಎಂಬುದು ಸ್ಪಷ್ಟವಾದದ್ದು ಆಮೇಲೆ: 1796ರಲ್ಲಿ ಪ್ಯಾರಿಸ್ಸಿನ ಜಾರ್ಜ್ ಕುವಿಯೆ, ಮ್ಯಾಮತ್‌ನ ಎಲುಬುಗಳು ಇಂದಿನ ಯಾವ ಆನೆಗೂ ಸೇರಿದವಲ್ಲ, ಆ ಜಾತಿಯೇ ಅಳಿದಿದೆ ಎಂದು ತೋರಿಸಿದ.

ಪಳೆಯುಳಿಕೆ ಕಲ್ಲೇ ಆಗಿರಬೇಕಿಲ್ಲ. ಮರದ ಅಂಟು ಗಟ್ಟಿಯಾದ ಅಂಬರಿನಲ್ಲಿ ಸಿಲುಕಿದ ಕೀಟ, ಸೈಬೀರಿಯದ ಹಿಮದಲ್ಲಿ ಕೂದಲು ಸಹಿತ ಉಳಿದ ಮ್ಯಾಮತ್ ಎರಡೂ ಈ ವರ್ಗಕ್ಕೇ ಸೇರುತ್ತವೆ. ದೇಹದ ಅಂಶವೂ ಬೇಕಿಲ್ಲ: ಹೆಜ್ಜೆಗುರುತು ಸಾಕು, ಬಿಲ ಸಾಕು, ವಿಲಿಯಂ ಬಕ್‌ಲ್ಯಾಂಡ್ 1829ರಲ್ಲಿ ‘ಕಾಪ್ರೊಲೈಟ್’ ಎಂದು ಹೆಸರಿಟ್ಟ ಕಲ್ಲಾದ ಮಲವೂ ಸಾಕು. ನಮ್ಮ ದೇವರ ಪೆಟ್ಟಿಗೆಗಳಲ್ಲಿ ಪೂಜೆಗೊಳ್ಳುವ, ನೇಪಾಳದ ಗಂಡಕಿ ನದಿಯ ಸಾಲಿಗ್ರಾಮದ ಚಕ್ರ ಜುರಾಸಿಕ್ ಕಾಲದ ಸಮುದ್ರಜೀವಿ ಅಮ್ಮೊನೈಟ್‌ನ ಚಿಪ್ಪಿನ ಅಚ್ಚು.

ವ್ಯಾಖ್ಯೆಯ ನಿಜವಾದ ಕಷ್ಟ ಇರುವುದು ಸೂಕ್ಷ್ಮಜೀವಿಗಳ ವಿಷಯದಲ್ಲಿ. ಬಾಗಲಕೋಟೆ ಸೀಮೆಯ ಕಲಾದಗಿ ಶಿಲಾಸಮೂಹದಲ್ಲಿ ಪದರಪದರವಾಗಿ ಉಬ್ಬಿದ ಸ್ಟ್ರೊಮೆಟೊಲೈಟ್‌ಗಳಿವೆ. ನೂರು ಕೋಟಿ ವರ್ಷಕ್ಕೂ ಹಿಂದೆ ಸೂಕ್ಷ್ಮಜೀವಿಗಳ ಹಾಸುಗಳು ಕಟ್ಟಿದ ರಚನೆಗಳಿವು. ಗ್ರೀನ್‌ಲ್ಯಾಂಡಿನ 370 ಕೋಟಿ ವರ್ಷ ಹಳೆಯ ಬಂಡೆಯಲ್ಲೂ ಇಂಥವೇ ಸಿಕ್ಕವೆಂದು 2016ರಲ್ಲಿ ವರದಿಯಾಯಿತು. ಅವು ಒತ್ತಡಕ್ಕೆ ಸಿಕ್ಕಿ ಮಡಿಸಿಕೊಂಡ ಶಿಲೆಯ ಆಕಾರಗಳಷ್ಟೇ, ಜೀವಿಗಳ ಕೆಲಸವಲ್ಲ ಎಂದು 2018ರಲ್ಲಿ ಇನ್ನೊಂದು ತಂಡ ವಾದಿಸಿತು.