ತೆರೆಯ ಮೇಲಣ ಟಿಪ್ಪಣಿಯೂ ಓದುವವನ ಅಧಿಕಾರವೂ

ಮೂಲವನ್ನು ಮರೆಮಾಡದೆ, ಬೇಡದುದನ್ನು ಹೇಳದೆ, ಬೇಕಾದೆಡೆಯಲ್ಲಿ ಮೌನವನ್ನು ತಾಳದೆ ಅರ್ಥವನ್ನು ಒದಗಿಸುವುದು ಟೀಕಾಕಾರನ ಧರ್ಮವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನವನ್ನು ಬರೆದ ಮಲ್ಲಿನಾಥನು ಈ ಮಿತಿಯನ್ನೇ ವ್ರತವಾಗಿ ಕೈಕೊಂಡನು. ಗಣಕಯಂತ್ರದ ತೆರೆಯಲ್ಲಿ ಒಂದು ಗುಂಡಿಯ ಮೇಲೆ ಮೌಸಿನ ಬಾಣವನ್ನು ನಿಲ್ಲಿಸಿದಾಗ ಮೂಡಿ ಮರೆಯಾಗುವ ಕಿರುಬರೆಹಕ್ಕೂ ಇದೇ ಧರ್ಮವು ಸಲ್ಲುವುದು. ಇದಕ್ಕೆ ಟೂಲ್‌ಟಿಪ್ ಎಂದು ಹೆಸರು. ಈ ಲೇಖನದಲ್ಲಿ ಸೂಚಿಕೆಯೆಂದು ಕರೆಯುವೆನು. ಸೂಚಿಕೆಯು ಎಂದು ಮೂಡಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರವು ಯಾರದೆಂಬುದೇ ಪ್ರಕೃತ ವಿಚಾರ.

ಆಪಲ್ ಸಂಸ್ಥೆಯವರು 1991ರಲ್ಲಿ ಹೊರತಂದ ಸಿಸ್ಟಮ್ 7ರಲ್ಲಿ ಬಲೂನ್ ಹೆಲ್ಪ್ ಎಂಬ ಏರ್ಪಾಡಿದ್ದಿತು. ಅದರ ಆಕಾರವು ವ್ಯಂಗ್ಯಚಿತ್ರಗಳಲ್ಲಿ ಮಾತನ್ನು ತೋರಿಸುವ ಗುಳ್ಳೆಯಂತಿದ್ದಿತು. ಬಳಸುವವನು ಅದನ್ನು ಚಾಲನೆಗೆ ತಂದರೆ ಬಾಣವು ಸುಳಿದೆಡೆಯಲ್ಲೆಲ್ಲಾ ಗುಳ್ಳೆಗಳು ಏಳುತ್ತಿದ್ದುವು. ನಿಲ್ಲಿಸಿದರೆ ಒಂದೂ ಏಳುತ್ತಿರಲಿಲ್ಲ. ಪ್ರತಿ ಪದಕ್ಕೂ ಅರ್ಥವನ್ನು ಹೇಳುವ ಟೀಕೆಯಂತೆ ಇದು ಬಲ್ಲವನಿಗೆ ಬೇಸರವನ್ನು ತರುವಂಥದು. 1995ರ ವಿಂಡೋಸ್ 95ರಲ್ಲಾದರೋ ಬಾಣವು ಕ್ಷಣಕಾಲ ನಿಂತಲ್ಲಿ ಮಾತ್ರ ಸೂಚಿಕೆಯು ಮೂಡುವ ಕ್ರಮವನ್ನು ಕಾಣುವೆವು. ಇಲ್ಲಿ ನಿಲ್ಲುವಿಕೆಯೇ ಪ್ರಶ್ನೆ, ಸೂಚಿಕೆಯೇ ಉತ್ತರ.

ಸನ್ ಮೈಕ್ರೋಸಿಸ್ಟಮ್ಸ್‌ನವರು 1998ರಲ್ಲಿ ಜಾವಾ 2ರೊಡನೆ ನೀಡಿದ ಸ್ವಿಂಗ್ ಎಂಬ ಸಾಧನಸಂಗ್ರಹದಲ್ಲಿ ಗ್ರಂಥಕರ್ತನ ಸ್ವಾತಂತ್ರ್ಯವು ಹಿಗ್ಗಿತು. ಪ್ರೋಗ್ರಾಮನ್ನು ರಚಿಸುವವನು ಒಂದೊಂದು ಗುಂಡಿಗೂ ಬೇರೆ ಬರೆಹವನ್ನು ಕೊಡಬಲ್ಲನು; ಸೂಚಿಕೆಯ ಬಣ್ಣವನ್ನೂ ಅಕ್ಷರದ ಗಾತ್ರವನ್ನೂ ಮಾರ್ಪಡಿಸಬಲ್ಲನು. ಕಾಲದ ಅಳತೆಯೂ ಅವನ ಕೈಯಲ್ಲಿಯೇ ಇರುವುದು. ಅವನು ಬದಲಾಯಿಸದಿದ್ದಲ್ಲಿ ಬಾಣವು ನಿಂತ 750 ಮಿಲಿಸೆಕೆಂಡುಗಳ ಮೇಲೆ ಸೂಚಿಕೆಯು ಮೂಡಿ, 4 ಸೆಕೆಂಡುಗಳ ಬಳಿಕ ತಾನಾಗಿ ಮರೆಯಾಗುವುದು. ಬರೆಹವು ಗುಂಡಿಗೊಂದಾದರೂ ಕಾಲವನ್ನು ಆಳುವ ಅಧ್ಯಕ್ಷನು ಇಡೀ ಪ್ರೋಗ್ರಾಮಿಗೆ ಒಬ್ಬನೇ. ಆದುದರಿಂದ ಎರಡು ಪದಗಳ ಸೂಚಿಕೆಗೂ ಎರಡು ಪಂಕ್ತಿಗಳ ಸೂಚಿಕೆಗೂ ಆಯುಸ್ಸು ಸಮಾನ. ಕಣ್ಣು ಮಂದವಾದವನು ಅರ್ಧವನ್ನು ಓದುವಷ್ಟರಲ್ಲಿ ಟೀಕೆಯು ಅಳಿಸಿಹೋಗುವುದು. ಅವನು ಬಾಣವನ್ನು ಹೊರಕ್ಕೆ ಸರಿಸಿ ಮರಳಿ ತರಬೇಕಾಗುವುದು. ಅಲಂಕಾರದ ಸ್ವಾತಂತ್ರ್ಯವು ಕರ್ತೃವಿಗೆ ದೊರೆಯಿತು, ಓದಿನ ಸ್ವಾತಂತ್ರ್ಯವು ವಾಚಕನಿಗೆ ದೊರೆಯಲಿಲ್ಲ.

ವಾಚಕನ ಪಕ್ಷವನ್ನು ವಹಿಸಿದ ಶಾಸನವು 2018ರಲ್ಲಿ ಬಂದಿತು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ ಎಂಬ ಮಂಡಲಿಯು ಜಾಲಪುಟಗಳಿಗಾಗಿ ಪ್ರಕಟಿಸಿದ ಸುಗಮತೆಯ ಸೂತ್ರಗಳ 2.1ನೆಯ ಆವೃತ್ತಿಯಲ್ಲಿ, ಕರ್ತೃವು ರಚಿಸಿದ ಇಂತಹ ಬರೆಹಗಳಿಗೆ ಮೂರು ಲಕ್ಷಣಗಳು ವಿಹಿತವಾಗಿವೆ. ಬಾಣವನ್ನು ಕದಲಿಸದೆಯೇ ಅದನ್ನು ತೊಲಗಿಸಲು ಬರಬೇಕು. ಬಾಣವನ್ನು ಅದರ ಮೇಲಕ್ಕೆ ಒಯ್ದರೆ ಅದು ಮಾಯವಾಗಕೂಡದು. ವಾಚಕನು ತೊಲಗಿಸುವವರೆಗೆ, ಇಲ್ಲವೆ ಬಾಣವನ್ನು ಸರಿಸುವವರೆಗೆ, ಇಲ್ಲವೆ ಅದರ ಅರ್ಥವೇ ಸಲ್ಲದಾಗುವವರೆಗೆ ಅದು ನಿಂತಿರಬೇಕು. ಮೊದಲನೆಯದು ಮೂಲವನ್ನು ಕಾಯುವುದು, ಉಳಿದೆರಡು ಓದುವವನನ್ನು ಕಾಯುವುವು.

ಈ ನಿಯಮವು ಜಾಲಪುಟಗಳಿಗೆ ವಿಹಿತವಾದರೂ ನ್ಯಾಯವು ಮೇಜಿನ ಮೇಲಣ ಗಣಕಕ್ಕೂ ಸಮಾನವೇ. ಸೂಚಿಕೆಯನ್ನು ಸಿಂಗರಿಸುವವರು ಬಣ್ಣಕ್ಕಿಂತ ಮೊದಲು ಕಾಲವನ್ನು ವಿಚಾರಿಸತಕ್ಕದ್ದು. ಓದಿ ಮುಗಿಯುವ ಮುನ್ನ ಅಳಿಯುವ ಟೀಕೆಯು ಎಷ್ಟು ಸುಂದರವಾದರೂ ಟೀಕೆಯೆನಿಸದು.