ಕೆರೆಯ ಒಡೆತನವೂ ಊರಿನ ಹೊಣೆಯೂ

ರೈತನೊಬ್ಬನು ತನ್ನ ಹೊಲಕ್ಕೆ ಬೇಲಿ ಕಟ್ಟಿಕೊಂಡರೆ ಅದರ ವೆಚ್ಚವೂ ಅವನದೇ, ಫಲವೂ ಅವನದೇ. ಕೆರೆಯ ಏರಿಗೆ ಒಂದು ಬುಟ್ಟಿ ಮಣ್ಣು ಹಾಕಿದವನ ಸಂಗತಿ ಹಾಗಲ್ಲ. ಮಣ್ಣು ಹೊತ್ತ ಬೆವರು ಅವನೊಬ್ಬನದು. ಏರಿ ನಿಂತಾಗ ಉಳಿಯುವ ನೀರು ಅಚ್ಚುಕಟ್ಟಿನ ಎಲ್ಲರದು. ಬುಟ್ಟಿ ಹೊರದವನ ಗದ್ದೆಗೂ ಆ ನೀರು ಹರಿಯುತ್ತದೆ. ಅವನ ಬಾವಿಗೂ ಅದರ ಒರತೆ ಇಳಿಯುತ್ತದೆ. ಹೀಗಿರುವಲ್ಲಿ ಬುಟ್ಟಿ ಹೊರುವವರು ಯಾರು, ಏತಕ್ಕಾಗಿ ಹೊರಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅರ್ಥಶಾಸ್ತ್ರಜ್ಞರು ಸಾರ್ವಜನಿಕ ಸೊತ್ತಿನ ಸಮಸ್ಯೆಯೆಂದು ಕರೆಯುವುದು ಇದನ್ನೇ. ಕನ್ನಡ ನಾಡು ಈ ಪ್ರಶ್ನೆಯನ್ನು ಗ್ರಂಥಗಳಲ್ಲಿ ಚರ್ಚಿಸಿದ್ದಕ್ಕಿಂತ ಹೆಚ್ಚಾಗಿ ಕೆರೆಯ ದಂಡೆಯ ಮೇಲೆ ಬಗೆಹರಿಸಲು ಯತ್ನಿಸಿತು. ಆ ಯತ್ನದ ಚರಿತ್ರೆಗೆ ಶಿಲಾಶಾಸನಗಳೇ ಸಾಕ್ಷಿಯಾಗಿವೆ.

ಪಾಶ್ಚಾತ್ಯ ಚಿಂತನೆಯಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಒಬ್ಬನು. ನೆರೆಹೊರೆಯ ಇಬ್ಬರು ಕೂಡಿ ತಮ್ಮ ಹುಲ್ಲುಗಾವಲಿನಲ್ಲಿ ನಿಂತ ನೀರನ್ನು ಹೊರಹಾಯಿಸಲು ಒಪ್ಪಬಲ್ಲರು. ಒಬ್ಬನು ತಪ್ಪಿದರೆ ಕೆಲಸವೇ ಕೆಡುವುದೆಂಬುದು ಇಬ್ಬರಿಗೂ ಗೊತ್ತು. ಆದರೆ ಸಾವಿರ ಜನ ಕೂಡಿ ಅದೇ ಕೆಲಸ ಮಾಡಬೇಕಾದಾಗ ಪ್ರತಿಯೊಬ್ಬನೂ ಹೊರೆಯನ್ನು ಉಳಿದವರ ಹೆಗಲಿಗೆ ಜಾರಿಸಲು ನೋಡುವನೆಂದು 1740ರಲ್ಲಿ ಪ್ರಕಟವಾದ ತನ್ನ ಗ್ರಂಥಭಾಗದಲ್ಲಿ ಅವನು ವಾದಿಸಿದನು. ಇದಕ್ಕೆ ಅವನು ಕಂಡ ಪರಿಹಾರ ರಾಜ್ಯಾಧಿಕಾರ. 1954ರಲ್ಲಿ ಅಮೆರಿಕದ ಪಾಲ್ ಸ್ಯಾಮ್ಯುಯೆಲ್ಸನ್ ಇಂತಹ ಸೊತ್ತಿಗೆ ಗಣಿತದ ರೂಪು ಕೊಟ್ಟರು. 1965ರಲ್ಲಿ ಮಾನ್ಕರ್ ಓಲ್ಸನ್, ದೊಡ್ಡ ಗುಂಪುಗಳು ಒತ್ತಾಯವಿಲ್ಲದೆ, ಪ್ರತ್ಯೇಕ ಪ್ರತಿಫಲವಿಲ್ಲದೆ ಸಮಾನ ಹಿತಕ್ಕಾಗಿ ದುಡಿಯುವುದು ಅಪರೂಪವೆಂದು ಪ್ರತಿಪಾದಿಸಿದರು.

ಕೆರೆಯಲ್ಲಿ ಎರಡು ಬಗೆಯ ಸೊತ್ತುಗಳು ಬೆರೆತಿವೆಯೆಂಬುದನ್ನು ಇಲ್ಲಿ ಗಮನಿಸಬೇಕು. ಏರಿ, ತೂಬು, ಕೋಡಿಗಳು ಒಂದು ಬಗೆ. ಇವು ಗಟ್ಟಿಯಾಗಿದ್ದರೆ ಎಲ್ಲರಿಗೂ ರಕ್ಷಣೆ. ಒಬ್ಬನು ಆ ರಕ್ಷಣೆಯನ್ನು ಪಡೆದನೆಂದು ಮತ್ತೊಬ್ಬನಿಗೆ ಅದು ಕಡಿಮೆಯಾಗದು. ನೀರು ಇನ್ನೊಂದು ಬಗೆ. ತೂಬಿನ ಬಳಿಯ ಗದ್ದೆಯವನು ಹೆಚ್ಚು ಹಾಯಿಸಿಕೊಂಡರೆ ಅಚ್ಚುಕಟ್ಟಿನ ಕೊನೆಯವನ ಪೈರು ಒಣಗುತ್ತದೆ. ಮೊದಲನೆಯದರಲ್ಲಿ ಯಾರೂ ದುಡಿಯದಿರುವ ಭಯ, ಎರಡನೆಯದರಲ್ಲಿ ಎಲ್ಲರೂ ದೋಚುವ ಭಯ. ಕೆರೆ ಉಳಿಯಬೇಕಾದರೆ ಈ ಎರಡು ಭಯಗಳಿಗೂ ಒಟ್ಟಿಗೆ ಉತ್ತರ ದೊರೆಯಬೇಕು.

ಮೊದಲ ಭಯಕ್ಕೆ ಪ್ರಾಚೀನ ಕರ್ಣಾಟಕವು ಕೊಟ್ಟ ಉತ್ತರವು ದಾನವೆಂಬ ಹೆಸರಿನಲ್ಲಿ ನೆಲೆಗೊಂಡ ಒಂದು ಅರ್ಥವ್ಯವಸ್ಥೆ. ಕದಂಬ ಮಯೂರಶರ್ಮನ ಚಂದ್ರವಳ್ಳಿಯ ಶಾಸನವು ಕೆರೆಯ ನಿರ್ಮಾಣವನ್ನೇ ಹೇಳುತ್ತದೆ. ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ಪ್ರಸ್ತಾಪವು ತಾಳಗುಂದದ ಸ್ತಂಭಶಾಸನದಲ್ಲಿದೆ. ಆದರೆ ಕೆರೆಯನ್ನು ಕಟ್ಟಿಸುವುದು ಒಂದು ದಿನದ ಪುಣ್ಯ. ಅದನ್ನು ಉಳಿಸುವುದು ತಲೆತಲಾಂತರದ ದುಡಿಮೆ. ಇದನ್ನರಿತೇ ಶಾಸನಗಳು ‘ಬಿತ್ತುವಟ್ಟ’ವೆಂಬ ದತ್ತಿಯನ್ನು ಮತ್ತೆ ಮತ್ತೆ ಹೇಳುತ್ತವೆ. ಕೆರೆಯ ಕೆಳಗಣ ಇಷ್ಟು ಗದ್ದೆಯ ಉತ್ಪನ್ನವು ಕೆರೆಯ ಜೀರ್ಣೋದ್ಧಾರಕ್ಕೇ ಸಲ್ಲತಕ್ಕದ್ದೆಂಬುದು ಅದರ ಆಶಯ. ಕೆರೆಯನ್ನು ಕಟ್ಟಿದವನಿಗೆ ಅಥವಾ ಒಡೆದ ಕೆರೆಯನ್ನು ತಿದ್ದಿದವನಿಗೆ ಕೊಡುತ್ತಿದ್ದ ಭೂಮಿ ‘ಕಟ್ಟುಕೊಡಗೆ’ ಎನಿಸಿತು. ಹತ್ತರಲ್ಲಿ ಒಂದು ಪಾಲು ಎಂಬ ಮೂಲಾರ್ಥದ ‘ದಶವಂದ’ವೂ ಇದೇ ಜಾತಿಯದು. ಹೂಳು ಹೊರುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ದತ್ತಿ ಬಿಟ್ಟುದುಂಟು. ಓಲ್ಸನ್ ಹೇಳಿದ ಪ್ರತ್ಯೇಕ ಪ್ರತಿಫಲ ಇದಲ್ಲದೆ ಬೇರೆಯಲ್ಲ. ಇಲ್ಲಿನ ವಿಶೇಷವೇನೆಂದರೆ, ಆ ಪ್ರತಿಫಲವು ಕೆರೆಯ ನೀರಿನಿಂದಲೇ ಬೆಳೆಯಬೇಕಾಗಿತ್ತು. ಕೆರೆ ತುಂಬಿದರೆ ದತ್ತಿಯ ಗದ್ದೆಯೂ ಬೆಳೆಯುವುದು. ಕೆರೆ ಕೆಟ್ಟರೆ ಅದನ್ನು ಕಾಯಬೇಕಾದವನ ಅನ್ನವೂ ಕೆಡುವುದು.

ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನ ಈ ವಿಷಯದಲ್ಲಿ ಅತ್ಯಮೂಲ್ಯವಾದುದು. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಅಲ್ಲಿನ ಕೆರೆಯನ್ನು ಕಟ್ಟಿಸಿದನು. ದಿನಕ್ಕೆ ಸಾವಿರ ಆಳುಗಳು, ನೂರು ಬಂಡಿಗಳು, ಎರಡು ವರ್ಷಗಳ ದುಡಿಮೆ ಎಂದು ಆ ಸಂಸ್ಕೃತ ಶಾಸನ ಲೆಕ್ಕ ಕೊಡುತ್ತದೆ. ಮುಂದುವರಿದು ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಅಂಗಳದ ನಡುವೆ ದಿಬ್ಬವಿರುವುದು ಇವು ಶಿಲ್ಪಿಯ ದೃಷ್ಟಿಗೆ ಬೀಳುವ ದೋಷಗಳು. ಉಳಿದ ಮೂರು ದೋಷಗಳಾದರೋ ವಿಚಾರಾರ್ಹವಾಗಿವೆ. ನೀರು ಕಡಿಮೆಯಿದ್ದು ನೆಲ ಹೆಚ್ಚಾಗಿರುವುದು ಒಂದು ದೋಷ. ನೆಲ ಕಡಿಮೆಯಿದ್ದು ನೀರು ಹೆಚ್ಚಾಗಿರುವುದು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಮತ್ತೊಂದು. ಗಡಿಯ ಕೆರೆಯ ಮಣ್ಣಿನಲ್ಲಿ ಊನವಿಲ್ಲ, ಕಲ್ಲಿನಲ್ಲಿ ಊನವಿಲ್ಲ; ಅದರ ಹೊಣೆ ಯಾರದೆಂಬುದು ನಿಶ್ಚಯವಾಗದಿರುವುದೇ ಅದರ ಊನ. ಒಡೆತನದ ಗೊಂದಲವನ್ನು ಏರಿಯ ಬಿರುಕಿನ ಸಾಲಿನಲ್ಲೇ ಎಣಿಸಿದ ಆ ಶಾಸನಕಾರನ ಅನುಭವ ಸಾಮಾನ್ಯವಾದುದಲ್ಲ.

ಅರಸರೂ ಅವರ ಅಧಿಕಾರಿಗಳೂ ಮಾತ್ರವೇ ಕೆರೆಗಳನ್ನು ಕಟ್ಟಿಸಿದರೆಂದು ತಿಳಿಯಲಾಗದು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಕೈಗೊಂಡ ಕೆರೆಯ ಕಾರ್ಯವನ್ನು ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವು ವಿಸ್ತಾರವಾಗಿ ವರ್ಣಿಸುತ್ತದೆ. ಸೊಲ್ಲಾಪುರದ ಸಿದ್ಧೇಶ್ವರ ದೇವಾಲಯವನ್ನು ಸುತ್ತುವರಿದ ಕೆರೆ ಇಂದಿಗೂ ಆತನ ಸ್ಮರಣೆಯನ್ನು ಉಳಿಸಿದೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಮಣ್ಣು ಕಲ್ಲುಗಳ ಈ ಉದ್ಯೋಗದಿಂದ ಆತ್ಮಜ್ಞಾನ ದೊರೆಯುವುದೇ ಎಂದು ಸಿದ್ಧರಾಮನನ್ನು ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಗಳು ನಿರೂಪಿಸುತ್ತವೆ. ಆ ಪ್ರಶ್ನೆಯ ಪಾರಮಾರ್ಥಿಕ ಮುಖ ಎಲ್ಲರಿಗೂ ಪರಿಚಿತ. ಅದಕ್ಕೆ ಲೌಕಿಕ ಮುಖವೂ ಒಂದುಂಟು. ಕಟ್ಟಿಸಿದೆನೆಂಬ ಅಹಂಕಾರವು ಕಟ್ಟಿಸಿದವನೊಡನೆ ಅಳಿಯುತ್ತದೆ. ಕೆರೆ ಉಳಿಯುವುದು ಕೆರೆ ತಮ್ಮದೆಂಬ ಭಾವ ಊರಿನಲ್ಲಿ ಉಳಿದಾಗ ಮಾತ್ರ.

ಎರಡನೆಯ ಭಯಕ್ಕೆ, ಅಂದರೆ ನೀರಿನ ದೋಚುವಿಕೆಗೆ, ನೀರುಗಂಟಿಯು ಉತ್ತರವಾದನು. ಹಳೆಯ ಮೈಸೂರಿನ ಹಳ್ಳಿಗಳ ಹನ್ನೆರಡು ಆಯಗಾರರಲ್ಲಿ ಆತನೂ ಒಬ್ಬನು. ತೂಬು ಎತ್ತುವವನು ಅವನೇ, ಕಾಲುವೆಯಿಂದ ಗದ್ದೆಗೆ ನೀರು ಬಿಡುವವನೂ ಅವನೇ. ರೈತನು ತಾನೇ ಮಡೆ ಕಡಿದು ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು, ಕಣದ ರಾಶಿಯಿಂದ ಗ್ರಾಮಸೇವಕರಿಗೆ ಸಲ್ಲುತ್ತಿದ್ದ ಪಾಲುಗಳನ್ನು ದಾಖಲಿಸುವಾಗ ನೀರುಗಂಟಿಯ ಪಾಲನ್ನೂ ಹೇಳಿದ್ದಾನೆ. ಒಬ್ಬ ಧನಿಕನ ಸಂಬಳದಾಳಾಗಿದ್ದರೆ ಅವನು ಆ ಧನಿಕನ ಗದ್ದೆಗೇ ನೀರು ಬಿಡುತ್ತಿದ್ದನು; ಎಲ್ಲರ ರಾಶಿಯಿಂದಲೂ ಆಯ ಪಡೆಯುವವನಿಗೆ ಕೊನೆಯ ಗದ್ದೆಯೂ ಬೆಳೆಯಬೇಕಾಗಿತ್ತು. ನೀರು ಕಡಿಮೆಯಾದ ವರ್ಷದಲ್ಲಿ ಏನು ಮಾಡಬೇಕೆಂಬುದಕ್ಕೆ ಸಿಂಹಳದ ‘ಬೆತ್ಮ’ ಪದ್ಧತಿ ಒಳ್ಳೆಯ ನಿದರ್ಶನ. ಕೆರೆಗೆ ಹತ್ತಿರವಾದ ಗದ್ದೆಗಳನ್ನು ಮಾತ್ರ ಆ ವರ್ಷ ಸಾಗುವಳಿಗೆ ಆರಿಸಿ, ಅವನ್ನು ಎಲ್ಲ ಹಿಡುವಳಿದಾರರಿಗೂ ತಾತ್ಕಾಲಿಕವಾಗಿ ಹಂಚುವುದು ಅದರ ಕ್ರಮ.

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ, ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಶೇಕಡ 60ರಷ್ಟು ಭಾಗವು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದೂ ಬರೆದರು. ಇದನ್ನು ಸಾಧಿಸಿದುದು ಇಲ್ಲಿನ ಜನರ ತಾಳ್ಮೆಯ ದುಡಿಮೆಯೆಂದು ಅವರೇ ಒಪ್ಪಿಕೊಂಡರು. ಆದರೆ ಆ ವೇಳೆಗಾಗಲೇ ವ್ಯವಸ್ಥೆಯ ಬೇರು ಸಡಿಲತೊಡಗಿತ್ತು. 1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಸೇರಿತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪಿತವಾಯಿತು. ಕಂದಾಯವು ನಗದಾಗಿ ಬೊಕ್ಕಸಕ್ಕೆ ಹೋಗುವಂತಾಯಿತು. ಕೊಡಗಿ ಇನಾಮುಗಳು ಕೆರೆಯ ಸೇವೆಯಿಂದ ಕ್ರಮೇಣ ಬೇರ್ಪಟ್ಟು ಸಾಧಾರಣ ಹಿಡುವಳಿಗಳಾದವು. ಏರಿಯ ಮಣ್ಣುಕೆಲಸ ರೈತರ ಹೊಣೆ, ಕಲ್ಲುಗಾರೆಯ ಕೆಲಸ ಸರ್ಕಾರದ್ದು ಎಂಬ ವಿಭಾಗ ಮಾತ್ರ ಉಳಿಯಿತು. ಹಿಂದೆ ಹೊಣೆಯೊಡನೆ ದತ್ತಿಯೂ ಅಧಿಕಾರವೂ ಇದ್ದವು. ಈಗ ಹೊಣೆಯೊಂದೇ ಉಳಿದು ಉಳಿದೆರಡು ಹೋದುವು. ರೈತನು ಹಿಂದೆಗೆದುದರಲ್ಲಿ ಆಶ್ಚರ್ಯವಿಲ್ಲ. ಈ ಕೊರತೆಯನ್ನು ತುಂಬಲೆಂದೇ 1911ರಲ್ಲಿ ಮೈಸೂರು ಕೆರೆ ಪಂಚಾಯಿತಿ ಶಾಸನವು ಬಂದಿತು. ಆದರೆ ಕಾಗದದ ಮೇಲೆ ಪಂಚಾಯಿತಿಯನ್ನು ರಚಿಸಿದಷ್ಟು ಸುಲಭವಾಗಿ ಊರಿನ ಮಮತೆಯನ್ನು ರಚಿಸಲಾಗದು.

ಸ್ವಾತಂತ್ರ್ಯಾನಂತರ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ಹುಟ್ಟಿನಿಂದ ಬರುವ ಚಾಕರಿಯನ್ನು ನಿಲ್ಲಿಸಿದುದು ನ್ಯಾಯವೇ. ಆದರೆ ಆ ಕೆಲಸಗಳನ್ನು ಮುಂದೆ ಯಾರು ಯಾವ ಪ್ರತಿಫಲಕ್ಕೆ ಮಾಡಬೇಕೆಂಬುದಕ್ಕೆ ಎಲ್ಲ ಊರುಗಳಲ್ಲೂ ಉತ್ತರ ದೊರೆಯಲಿಲ್ಲ. ಅನಂತರ ಕೊಳವೆಬಾವಿಗಳು ಬಂದವು. ನೆಲದಡಿಯ ನೀರಿಗೂ ಕೆರೆಗೂ ಇರುವ ನಂಟನ್ನು ಮರೆತು, ಪಂಪು ಕೊಳ್ಳಬಲ್ಲವನು ತನ್ನ ಹೊಲದಲ್ಲಿಯೇ ಸ್ವಂತ ನೀರು ಕಂಡನು. ಅಂಥವನಿಗೆ ಕೆರೆಯ ಹೂಳಿನ ಚಿಂತೆ ಉಳಿಯಲಿಲ್ಲ. ಬೆಂಗಳೂರಿನಲ್ಲಂತೂ ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು; ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ, ಎಲ್ಲರಿಗೂ ತೆರೆದ ಗೋಮಾಳದಲ್ಲಿ ಪ್ರತಿಯೊಬ್ಬನೂ ಒಂದೊಂದು ಹಸುವನ್ನು ಹೆಚ್ಚಿಸುತ್ತ ಕೊನೆಗೆ ಗೋಮಾಳವೇ ನಾಶವಾಗುವುದೆಂದು ವಾದಿಸಿ, ಖಾಸಗಿ ಒಡೆತನ ಇಲ್ಲವೆ ಸರ್ಕಾರದ ನಿಯಂತ್ರಣವೇ ಗತಿಯೆಂದು ಸೂಚಿಸಿದರು. ಇದಕ್ಕೆ ಪ್ರತಿಯಾಗಿ ಎಲಿನಾರ್ ಆಸ್ಟ್ರಮ್ ಅವರು 1990ರ ತಮ್ಮ ಗ್ರಂಥದಲ್ಲಿ ಸ್ಪೇನಿನ ಕಾಲುವೆಗಳು, ಸ್ವಿಸ್ ಪರ್ವತಗಳ ಹುಲ್ಲುಗಾವಲುಗಳು, ಜಪಾನಿನ ಗ್ರಾಮಾರಣ್ಯಗಳು ಶತಮಾನಗಳ ಕಾಲ ಜನರ ಕೈಯಲ್ಲೇ ಉಳಿದುಬಂದುದನ್ನು ತೋರಿಸಿದರು. ಎಲ್ಲೆ ಸ್ಪಷ್ಟವಾಗಿರಬೇಕು, ಲಾಭಕ್ಕೆ ತಕ್ಕ ಹೊಣೆಯಿರಬೇಕು, ಕಾವಲುಗಾರನು ಬಳಸುವವರಿಗೆ ಉತ್ತರ ಹೇಳಬೇಕು, ತಪ್ಪಿದವನಿಗೆ ದಂಡ ಹಂತಹಂತವಾಗಿ ಏರಬೇಕು, ನಿಯಮ ಮಾಡುವಲ್ಲಿ ಬಳಸುವವರ ಮಾತು ನಡೆಯಬೇಕು ಎಂಬ ಲಕ್ಷಣಗಳನ್ನು ಅವರು ಗುರುತಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆ ಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಬಿತ್ತುವಟ್ಟವನ್ನೂ ನೀರುಗಂಟಿಯ ಆಯವನ್ನೂ ಬಲ್ಲವರಿಗೆ ಈ ಲಕ್ಷಣಗಳು ಹೊಸವಲ್ಲ.

ಹಾಗೆಂದು ಗತಕಾಲವನ್ನು ನಿರ್ದುಷ್ಟವೆಂದು ಹೊಗಳುವುದು ಚರಿತ್ರೆಗೆ ಮಾಡುವ ಅಪಚಾರ. ಎಲ್ಲೆ ಸ್ಪಷ್ಟವಾಗಿರಬೇಕೆಂಬ ಮಾತಿಗೆ ಕ್ರೂರವಾದ ಮುಖವೂ ಉಂಟು. ನಮ್ಮ ಊರುಗಳು ಹಾಕಿಕೊಂಡ ಎಲ್ಲೆ ಬಹುಮಟ್ಟಿಗೆ ಜಾತಿಯ ಎಲ್ಲೆಯೇ ಆಗಿತ್ತು. ಕೆರೆಯ ಮಣ್ಣು ಹೊತ್ತ ಕೈಗಳಲ್ಲಿ ಕೆಲವಕ್ಕೆ ಅದರ ನೀರು ಮುಟ್ಟುವ ಹಕ್ಕಿರಲಿಲ್ಲ. ಮುಂಬಯಿ ಶಾಸನಸಭೆಯು 1923ರಲ್ಲಿ ಸಾರ್ವಜನಿಕ ಜಲಾಶಯಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. ಮಹಾಡದ ಪುರಸಭೆಯು 1924ರಲ್ಲಿ ಅದನ್ನು ಒಪ್ಪಿತು. ಆದರೂ 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿಯುವ ತನಕ ಆ ನಿರ್ಣಯ ಕೇವಲ ಅಕ್ಷರವಾಗಿತ್ತು. ಅನಂತರ ಹೂಡಲಾದ ದಾವೆಯು ಮುಂಬಯಿ ಉಚ್ಚನ್ಯಾಯಾಲಯದಲ್ಲಿ ಅವರ ಪರವಾಗಿ ಇತ್ಯರ್ಥವಾದುದು 1937ರಲ್ಲಿ. ಕನ್ನಡದ ಜನಪದರೂ ಈ ಸತ್ಯವನ್ನು ತಮ್ಮದೇ ರೀತಿಯಲ್ಲಿ ಅರಿತಿದ್ದರು. ‘ಕೆರೆಗೆ ಹಾರ’ ಎಂಬ ಕಥನಗೀತದಲ್ಲಿ ಊರಿಗೆಲ್ಲ ನೀರಾಗಲೆಂದು ಬಲಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಸಮಾನ ಹಿತದ ವೆಚ್ಚವು ಮಾತಾಡಲಾರದವರ ಮೇಲೆ ಬೀಳುವುದನ್ನು ಇದಕ್ಕಿಂತ ಕಠೋರವಾಗಿ ಹೇಳುವುದು ಕಷ್ಟ.

ಇತ್ತೀಚಿನ ದಶಕಗಳಲ್ಲಿ ಹೊಸ ಪ್ರಯತ್ನಗಳು ನಡೆದಿವೆ. 2000ದಲ್ಲಿ ಜಲಸಂವರ್ಧನೆ ಯೋಜನಾ ಸಂಘವು ಸ್ಥಾಪಿತವಾಗಿ, ವಿಶ್ವಬ್ಯಾಂಕಿನ ನೆರವಿನಿಂದ ಊರವರ ಸಂಘಗಳ ಮೂಲಕ ಕೆರೆಗಳನ್ನು ಸುಧಾರಿಸುವ ಯೋಜನೆ ಕಾರ್ಯರೂಪಕ್ಕೆ ಬಂದಿತು. 2014ರ ಕಾಯಿದೆಯು ಕೆರೆಗಳ ಸಂರಕ್ಷಣೆಗೆ ಪ್ರಾಧಿಕಾರವೊಂದನ್ನು ನಿರ್ಮಿಸಿತು. ಇವುಗಳ ಸಾರ್ಥಕತೆಯನ್ನು ಹೂಳೆತ್ತಿದ ಮಣ್ಣಿನ ರಾಶಿಯಿಂದ ಮಾತ್ರ ಅಳೆಯಲಾಗದು. ಹೂಳೆತ್ತಿದ ಗುತ್ತಿಗೆದಾರನು ಹೊರಟುಹೋದ ಮೇಲೆ ಮುಂದಿನ ಮಳೆಗಾಲಕ್ಕೆ ಮುನ್ನ ಕೋಡಿಯನ್ನು ನೋಡಿಬರುವವರು ಯಾರು, ಅವರಿಗೆ ಊರು ಏನು ಕೊಡುತ್ತದೆ, ಅಚ್ಚುಕಟ್ಟಿನ ಕೊನೆಯ ಗದ್ದೆಯವನಿಗೂ ಗದ್ದೆಯೇ ಇಲ್ಲದ ಕೂಲಿಯವನಿಗೂ ಆ ಸಭೆಯಲ್ಲಿ ಕೂಡುವ ಸ್ಥಾನವಿದೆಯೇ ಎಂಬುದನ್ನು ಕೇಳಬೇಕು. ಹಳೆಯ ಶಾಸನಗಳು ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟಿವೆ. ಮೂರನೆಯದಕ್ಕೆ ಉತ್ತರವನ್ನು ಅವುಗಳಲ್ಲಿ ಹುಡುಕಿ ಫಲವಿಲ್ಲ. ಅದನ್ನು ಈ ಕಾಲದ ಊರುಗಳೇ ಬರೆಯಬೇಕಾಗಿದೆ.