ಬಿಸಿನೀರಿನ ಬಿಲ್ ಇಳಿಸೋದು ಹೇಗೆ? ಲೆಕ್ಕ ಬಕೆಟ್‌ನಿಂದ ಶುರುವಾಗಲಿ

‘ಯಾವ ಗೀಸರ್ ತಗೊಂಡ್ರೆ ಕರೆಂಟ್ ಬಿಲ್ ಕಮ್ಮಿ ಬರುತ್ತೆ?’

ಎಂಜಿನಿಯರಿಂಗ್ ಓದಿದ ತಪ್ಪಿಗೆ, ಚಳಿ ಶುರುವಾದರೆ ನೆಂಟರಿಷ್ಟರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸಲ್ಲ: ಗೀಸರ್ ಯಾವುದಾದರೂ ಇರಲಿ, ಸ್ನಾನಕ್ಕೆ ಬಕೆಟ್ ಇಟ್ಕೊಳ್ಳಿ.

ಗೃಹಜ್ಯೋತಿ ಬಂದ ಮೇಲಂತೂ ಈ ಪ್ರಶ್ನೆಯ ತೂಕ ಹೆಚ್ಚಿದೆ. ಈ ಯೋಜನೆಯಲ್ಲಿ ಪ್ರತಿ ಮನೆಗೂ ಒಂದು ಉಚಿತ ಮಿತಿ ಇದೆ. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ದುಡ್ಡು. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮ ತಲೆಗೆ. ಬಹಳಷ್ಟು ಮನೆಗಳನ್ನು ಆ ಗೆರೆಯಾಚೆ ತಳ್ಳುವುದು ಬಚ್ಚಲುಮನೆಯೇ.

860ರ ಸೂತ್ರ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ಕರೆಂಟ್ ಅಂದರೆ ಸುಮಾರು 860 ಕಿಲೋ ಕ್ಯಾಲೊರಿ. ಹಾಗಾಗಿ ಎಷ್ಟು ಲೀಟರ್ ನೀರು, ಎಷ್ಟು ಡಿಗ್ರಿ ಏರಬೇಕು ಎಂಬುದನ್ನು ಗುಣಿಸಿ, 860ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತೆ.

ಟ್ಯಾಂಕಿನ ನೀರು 22 ಡಿಗ್ರಿ, ಸ್ನಾನಕ್ಕೆ ಬೇಕಾದದ್ದು 40 ಡಿಗ್ರಿ ಎಂದಿಟ್ಟುಕೊಳ್ಳಿ. 20 ಲೀಟರಿನ ಒಂದು ಬಕೆಟ್‌ಗೆ 0.42 ಯೂನಿಟ್ ಸಾಕು. ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು 50 ಯೂನಿಟ್. ಅದೇ ಮನೆಯವರು ನಿಮಿಷಕ್ಕೆ 9 ಲೀಟರ್ ಸುರಿಸುವ ಶವರ್ ಕೆಳಗೆ ಎಂಟೆಂಟು ನಿಮಿಷ ನಿಂತರೆ ತಲಾ 72 ಲೀಟರ್, ಒಂದೂವರೆ ಯೂನಿಟ್. ತಿಂಗಳಿಗೆ 180! ಫ್ರಿಜ್, ಫ್ಯಾನ್, ಟಿವಿ, ಮಿಕ್ಸಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಬಕೆಟ್ ಸ್ನಾನಕ್ಕೆ ತಿಂಗಳಿಗೆ 350 ರೂಪಾಯಿ, ಶವರ್ ಸ್ನಾನಕ್ಕೆ 1,260. ಗೀಸರ್ ಎರಡರಲ್ಲೂ ಒಂದೇ.

ಶವರ್ ಬಿಡಲಾಗದು ಅನ್ನುವವರು ನಲ್ಲಿ, ಶವರ್‌ಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿಸಿ. 2024ರ ನೀರಿನ ಬವಣೆಯಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿದ್ದು ನೀರು ಉಳಿಸಲಿಕ್ಕೆ. ಬಿಸಿನೀರಿನ ಕೊಳಾಯಿಯಲ್ಲಿ ಅದು ಕರೆಂಟನ್ನೂ ಉಳಿಸುತ್ತೆ.

ಸ್ಟಾರ್ ಹೇಳುವುದೇನು?

ಗೀಸರ್‌ನ ಕಾಯಿಲ್ ತಾನು ಎಳೆದ ಕರೆಂಟನ್ನು ಹೆಚ್ಚುಕಮ್ಮಿ ಪೂರ್ತಿ ಶಾಖವಾಗಿಸುತ್ತೆ. 2 ಕಿಲೋವಾಟ್ ಆದರೂ ಅಷ್ಟೇ, 3 ಕಿಲೋವಾಟ್ ಆದರೂ ಅಷ್ಟೇ, ಬದಲಾಗುವುದು ಸಮಯ. ಹಾಗಾದರೆ ಸ್ಟಾರ್ ಯಾತಕ್ಕೆ? ಕಾದ ನೀರು ಟ್ಯಾಂಕಿನಲ್ಲೇ ನಿಂತಾಗ ಎಷ್ಟು ಶಾಖ ಸೋರಿಹೋಗುತ್ತೆ ಅನ್ನೋದರ ಅಳತೆ ಅದು. ದಿನವಿಡೀ ಗೀಸರ್ ಆನ್ ಇಡುವವರಿಗೆ ಐದು ಸ್ಟಾರ್ ಲಾಭ. ಸ್ನಾನಕ್ಕೆ ಮುಂಚೆ ಹಾಕಿ, ಆಮೇಲೆ ಆರಿಸುವವರಿಗೆ ವ್ಯತ್ಯಾಸ ಅಲ್ಪ.

ಒಂದು ಬಕೆಟ್‌ಗೆ ಬೇಕಾದ ಶಾಖ ಕೊಡಲು 2 ಕಿಲೋವಾಟ್ ಗೀಸರ್‌ಗೆ 13 ನಿಮಿಷ ಸಾಕು. ನಾವು ಸ್ವಿಚ್ ಹಾಕಿ, ಕಾಫಿ ಕುಡಿದು, ಫೋನ್ ನೋಡಿ, ಮುಕ್ಕಾಲು ಗಂಟೆ ಬಿಟ್ಟು ಸ್ನಾನಕ್ಕೆ ಹೋಗ್ತೀವಿ. ಮನೆಯವರು ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸಿದರೆ ಸೋರಿಕೆಯೂ ಕಮ್ಮಿ.

ಬಕೆಟ್‌ಗೆ ಹಾಕುವ ಕಾಯಿಲ್ ರಾಡ್ ಅಗ್ಗ ನಿಜ, ಆದರೆ ಯೂನಿಟ್ ಅಷ್ಟೇ ತಿನ್ನುತ್ತೆ, ಶಾಕ್ ಹೊಡೆಯುವ ಅಪಾಯ ಬೇರೆ. ಗ್ಯಾಸ್ ಗೀಸರ್‌ನಲ್ಲಿ ಖರ್ಚು ಸ್ವಲ್ಪ ಕಮ್ಮಿಯಾಗಬಹುದು. ಆದರೆ ಗಾಳಿಯಾಡದ ಬಚ್ಚಲಿನೊಳಗೆ ಅದನ್ನು ಕೂರಿಸಿದರೆ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಳ್ಳುತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ, ಜೀವವನ್ನೇ ತೆಗೆಯುತ್ತೆ. ಹಾಕಿಸುವುದಾದರೆ ಬಚ್ಚಲಿನ ಹೊರಗೇ ಹಾಕಿಸಿ.

ತಾರಸಿಯ ಸೋಲಾರ್

ಸ್ವಂತ ತಾರಸಿ ಇದ್ದವರಿಗೆ ಸೋಲಾರ್‌ಗಿಂತ ಒಳ್ಳೆಯ ದಾರಿ ಇಲ್ಲ. ಬೆಸ್ಕಾಂ ವ್ಯಾಪ್ತಿಯಲ್ಲಿ ನಿಗದಿತ ಅಳತೆಯ ಹೊಸ ಮನೆಗಳಿಗೆ 2007ರಿಂದ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಯಿತು. ಆದರೆ ಹಾಕಿಸಿದ ಮೇಲೂ ಉಳಿತಾಯ ಸೋರುವ ಮೂರು ಜಾಗಗಳಿವೆ.

ಮೊದಲನೆಯದು ಪೈಪ್. ಬಚ್ಚಲಿಗೆ 15 ಮೀಟರ್ ದೂರ ಇದ್ದರೆ ಬಿಸಿನೀರು ಬರುವ ಮುಂಚೆ ನಾಲ್ಕೈದು ಲೀಟರ್ ತಣ್ಣೀರು ಹೋಗುತ್ತೆ. ಅದನ್ನು ಒಂದು ಬಕೆಟ್‌ಗೆ ಹಿಡಿದಿಡಿ, ಪೈಪ್‌ಗೆ ಶಾಖನಿರೋಧಕ ಹೊದಿಕೆ ಹಾಕಿಸಿ. ಎರಡನೆಯದು ಬೋರ್‌ವೆಲ್‌ನ ಗಡಸು ನೀರು: ಒಳಗೆ ಉಪ್ಪು ಕಟ್ಟಿದರೆ ನೀರು ಸರಿಯಾಗಿ ಕಾಯಲ್ಲ, ಆಗಾಗ ತೆಗೆಸಬೇಕು. ಮೂರನೆಯದು ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್. ಮೋಡದ ದಿನ ಹಾಕಿದ ಸ್ವಿಚ್ ಆರಿಸಲು ಮರೆತರೆ, ಬಿಸಿಲಿನ ದಿನವೂ ನೀವು ಕರೆಂಟ್‌ನಲ್ಲೇ ಸ್ನಾನ ಮಾಡ್ತಿರುತ್ತೀರಿ.

ಉಳಿಸಿದವರಿಗೆ ಸಿಕ್ಕಿದ್ದೇನು?

ಇಲ್ಲಿ ನನ್ನ ತಕರಾರು ಸರ್ಕಾರದ ಜೊತೆ. ಗೃಹಜ್ಯೋತಿ ಶುರುವಾದಾಗ ಉಚಿತ ಮಿತಿ ನಿಗದಿಯಾದದ್ದು 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ. ಅಂದರೆ ಅಷ್ಟೊತ್ತಿಗೆ ಕೈಯಿಂದ ದುಡ್ಡು ಹಾಕಿ ಸೋಲಾರ್ ಹಾಕಿಸಿ ಬಳಕೆ ಇಳಿಸಿಕೊಂಡವರಿಗೆ ಸಣ್ಣ ಮಿತಿ, ಗೀಸರ್ ಉರಿಸುತ್ತಿದ್ದವರಿಗೆ ದೊಡ್ಡ ಮಿತಿ. ಸೋಲಾರ್ ಮನೆಗಳಿಗೆ ಬೆಸ್ಕಾಂ ವರ್ಷಗಳ ಕಾಲ ಕೊಡುತ್ತಾ ಬಂದ ರಿಯಾಯಿತಿ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ.

ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ ಆಧಾರವಾಗಿ ಹಿಡಿದದ್ದು ರಾಜ್ಯದ ಸರಾಸರಿ, 53 ಯೂನಿಟ್. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ನಾಲ್ಕು ಜನರ ಬಕೆಟ್ ಸ್ನಾನಕ್ಕೇ 50 ಯೂನಿಟ್ ಬೇಕು. ಅಂಥ ಮನೆಯ ಉಚಿತ ಕರೆಂಟ್ ಬಹುಪಾಲು ಬಚ್ಚಲಲ್ಲೇ ಖಾಲಿ.

ಎಲ್ಲರಿಗಿಂತ ಇಕ್ಕಟ್ಟಿನಲ್ಲಿರುವವರು ಬಾಡಿಗೆದಾರರು. ತಾರಸಿ ಓನರ್‌ದು, ಬಿಲ್ ಬಾಡಿಗೆದಾರರದು. ಬಿಲ್ ಕಟ್ಟದ ಓನರ್ ಸೋಲಾರ್‌ಗೆ ಯಾಕೆ ದುಡ್ಡು ಹಾಕ್ತಾರೆ? ಉಚಿತ ಕರೆಂಟ್‌ಗೆ ಕೊಡುವ ಸಬ್ಸಿಡಿಯ ಒಂದು ಪಾಲನ್ನು ಬಾಡಿಗೆ ಕಟ್ಟಡಗಳ ತಾರಸಿಗೆ ತಿರುಗಿಸಿದರೆ ಸರ್ಕಾರದ ಹೊರೆಯೂ ವರ್ಷದಿಂದ ವರ್ಷಕ್ಕೆ ಇಳಿದೀತು.

ಅದು ಆಗುವವರೆಗೆ ಬಾಡಿಗೆ ಮನೆಯವರ ಕೈಲಿರುವುದು ಇಷ್ಟು: ಬಕೆಟ್ ಅಥವಾ ಏರೇಟರ್, ಗೀಸರ್ ಸ್ವಿಚ್, ಮತ್ತು ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡುವ ಅಭ್ಯಾಸ. 15ನೇ ದಿನಕ್ಕೆ ಬಳಕೆ 100 ಯೂನಿಟ್ ದಾಟಿದ್ದರೆ ಉಳಿದ ಹದಿನೈದು ದಿನ ಶವರ್ ಮುಟ್ಟಬೇಡಿ.